ಮುಟ್ಟದೆ ಬಿಟ್ಟ ಬಲಗಡೆ

ವಿಕಿರಣ ಚಿಕಿತ್ಸೆಯ ವೈದ್ಯರ ಸೇವೆಯನ್ನು ಅಳೆಯುವಾಗ ಅವರು ಎಷ್ಟು ಜನರಿಗೆ ಕಿರಣ ಕೊಟ್ಟರು ಎಂದು ಕೇಳುವುದು ರೂಢಿ. ಎಲ್ಲಿ ಕೊಡದೆ ಬಿಟ್ಟರು ಎಂದು ಯಾರೂ ಕೇಳುವುದಿಲ್ಲ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ ವಿಷಯದಲ್ಲಿ ಮೂರು ದಶಕಗಳ ಕಾಲ ಹಿರಿಯರಿಗೂ ಕಿರಿಯರಿಗೂ ಕೊನೆಯ ಮಾತಾಗಿದ್ದು, ಈಗ ನಮ್ಮ ವಿಭಾಗದ ಮುಖ್ಯಸ್ಥರ ಹುದ್ದೆಯಿಂದ ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರ ಹಿರಿಮೆ ಆ ಎರಡನೆಯ ಪ್ರಶ್ನೆಯಲ್ಲೇ ಇದೆ ಎಂದು, ಅವರಲ್ಲಿಗೆ ವಿದ್ಯಾರ್ಥಿಯಾಗಿ ಬಂದು ಸಹೋದ್ಯೋಗಿಯಾಗಿ ಉಳಿದ ನಾನು ನಂಬಿದ್ದೇನೆ.

ಕೋಟಿನ ಜೇಬಿನಲ್ಲಿ ಸದಾ ಟಾರ್ಚ್ ಇರುತ್ತಿದ್ದುದರಿಂದ ನಾವು ಅವರನ್ನು ಬೆನ್ನ ಹಿಂದೆ ‘ಟಾರ್ಚ್ ಮೇಡಂ’ ಎನ್ನುತ್ತಿದ್ದೆವು. ಅದು ಅವರಿಗೆ ಗೊತ್ತಿತ್ತು, ಅದಕ್ಕೆ ತಕ್ಕ ಶಾಸ್ತಿಯೂ ಮುಂಗಡವಾಗಿಯೇ ಆಗಿರುತ್ತಿತ್ತು. ಕಿರಣ ಬೀಳುವಾಗ ತಲೆ ಅಲುಗದಿರಲೆಂದು ರೋಗಿಯ ಮುಖದ ಅಳತೆಗೇ ಪ್ಲಾಸ್ಟಿಕ್ ಜಾಲರಿಯ ಮುಖವಾಡ ಮಾಡಿ ಮೇಜಿಗೆ ಬಿಗಿಯುತ್ತೇವಲ್ಲ, ಅಂಥದ್ದನ್ನು ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಮಾಡಿಸಿ, ಮಲಗಿಸಿ ಬಿಗಿದು, ತಾವು ಚಹಾ ಕುಡಿಯಲು ಹೋಗುತ್ತಿದ್ದರು. ನಿಧಾನವಾಗಿ ಕುಡಿದು ಬಂದು, “ಮೂಗು ಕೆರ್ಕೋಬೇಕು ಅನ್ನಿಸ್ತಾ? ರೋಗಿಗೂ ಅನ್ನಿಸುತ್ತೆ,” ಎನ್ನುತ್ತಿದ್ದರು. ಅಂದು ಮನಸ್ಸಿನಲ್ಲೇ ಬೈದುಕೊಂಡಿದ್ದ ನಾನು ಇಂದು ನನ್ನ ವಿದ್ಯಾರ್ಥಿಗಳಿಗೂ ಅದನ್ನೇ ಮಾಡುತ್ತೇನೆ, ಸ್ವಲ್ಪ ಖುಷಿಯಿಂದಲೇ.

ನನ್ನ ತರಬೇತಿಯ ಕೊನೆಯ ವರ್ಷ ನನ್ನ ಭಾವನ ಎಡಗುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಭಾವ ಚಹಾ ಕಂಪನಿಯಲ್ಲಿ ರುಚಿ ನೋಡುವವರು. ಸಾಲಾಗಿ ಇಟ್ಟ ಬಟ್ಟಲುಗಳಿಂದ ಸೊರ್ರೆಂದು ಹೀರಿ, ಉಗಿದು, ಯಾವ ಎಲೆ ಯಾವ ದರ್ಜೆಯದೆಂದು ಹೇಳುವುದೇ ಅವರ ಅನ್ನ. ಗಂಟು ತೆಗೆದು ಪರೀಕ್ಷಿಸಿದಾಗ ಕ್ಯಾನ್ಸರ್ ಎಂದು ತಿಳಿಯಿತು. ಆದರೆ ಅದು ಅಲ್ಲೇ ಹುಟ್ಟಿದ್ದಲ್ಲ, ಬಾಯಿಯದೋ ಗಂಟಲಿನದೋ ಯಾವುದೋ ಮೂಲೆಯಿಂದ ಬಂದು ಕೂತದ್ದು. ಆ ಮೂಲೆ ಯಾವುದೆಂದು ಸ್ಕ್ಯಾನ್ ಮಾಡಿದರು, ಗಂಟಲೊಳಗೆ ದುರ್ಬೀನು ಇಳಿಸಿದರು, ಟಾನ್ಸಿಲ್ ತೆಗೆದು ನೋಡಿದರು. ಎಲ್ಲೂ ಏನೂ ಸಿಗಲಿಲ್ಲ.

ಇಂಥಲ್ಲಿ ಗಂಟಲಿಗೂ ಕುತ್ತಿಗೆಯ ಎರಡೂ ಬದಿಗೂ ಕಿರಣ ಕೊಟ್ಟರೆ ಅಡಗಿದ್ದು ತಪ್ಪಿಸಿಕೊಳ್ಳುವುದು ಕಷ್ಟ. ಆದರೆ ಜೊಲ್ಲಿನ ಗ್ರಂಥಿಗಳು ಬತ್ತಿ, ಬಾಯಿ ಒಣಗಿ, ರುಚಿ ಮತ್ತೆ ಬಾರದೆಯೂ ಹೋಗಬಹುದು. ನಾನು ಎಲ್ಲ ಕಡೆಗೂ ಕೊಡಬೇಕೆಂದು ಪಟ್ಟು ಹಿಡಿದೆ. ಅಕ್ಕನೂ ಕಣ್ಣೊರೆಸಿಕೊಂಡು, “ರುಚಿ ಹೋದ್ರೆ ಹೋಗ್ಲಿ ಮೇಡಂ, ಮನುಷ್ಯ ಉಳಿದ್ರೆ ಸಾಕು,” ಎಂದಳು.

“ಉಳಿದು ಏನ್ ಮಾಡ್ಲಿ? ನಾಲಿಗೆ ಬಿಟ್ರೆ ನನಗೆ ಬೇರೆ ವಿದ್ಯೆ ಇಲ್ವಲ್ಲ,” ಎಂದರು ಭಾವ.

ಮೇಡಂ ನನ್ನತ್ತ ತಿರುಗಿದರು. “ಎಲ್ಲ ಕಡೆ ಕೊಡೋದು ಅವರಿಗೋಸ್ಕರನಾ, ನಿನ್ನ ನಿದ್ದೆಗೋಸ್ಕರನಾ? ಗಂಟು ಒಂದೇ, ಚಿಕ್ಕದು, ಪೊರೆ ಒಡೆದು ಹೊರಗೆ ಹರಡಿಲ್ಲ. ಎಡಗಡೆ ಕೊಡೋಣ. ಗಂಟಲು, ಬಲಗಡೆ ಮುಟ್ಟೋದು ಬೇಡ. ಕಾಯೋ ಕೆಲಸ ನನ್ನದು.”

ಭಾವ ತಲೆಯಾಡಿಸಿ ಒಪ್ಪಿಬಿಟ್ಟರು. ನಾನು ಸಿಟ್ಟಿನಿಂದ ಎದ್ದು ಹೋದೆ, ಬಹಳ ದಿನ ಮೇಡಂ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ನನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರೆಂಬುದು ಇಂದಿಗೂ ನನ್ನ ವಾದ.

ಚಿಕಿತ್ಸೆಯಲ್ಲಿ ಎಡಗುತ್ತಿಗೆಯ ಚರ್ಮ ಸುಟ್ಟು ಕಪ್ಪಾಯಿತು, ಗಂಜಿ ನುಂಗುವುದೂ ಹಿಂಸೆಯಾಯಿತು, ರುಚಿಯೂ ಹೋಯಿತು. ಮುಗಿದ ಮೇಲೆ ತಪಾಸಣೆಗೆ ಬಂದಾಗಲೆಲ್ಲ ಮೇಡಂ ಆ ಕೆಲಸವನ್ನು ಯಾರಿಗೂ ಒಪ್ಪಿಸದೆ, ರಜೆಯಲ್ಲಿದ್ದರೂ ಬಂದು, ಕುತ್ತಿಗೆ ಒತ್ತಿ, ಗಂಟಲು ಇಣುಕಿ, “ಏನೂ ಇಲ್ಲ, ಹೋಗ್ಬನ್ನಿ,” ಎನ್ನುವವರೆಗೆ ಅಕ್ಕ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಹೀಗಿರುವಾಗ ಒಂದು ಬೆಳಿಗ್ಗೆ ಭಾವನ ಫೋನ್ ಬಂತು. “ಇವತ್ತಿನ ಚಹಾ ದರಿದ್ರವಾಗಿದೆ ಕಣೋ!” ಎಂದು ಅವರು ಕುಣಿಯುವವರಂತೆ ಕೂಗುತ್ತಿದ್ದರು. ಆ ಚಹಾ ಮಾಡಿದ್ದ ಅಕ್ಕ ಮೊದಲು ಅತ್ತಳು, ಆಮೇಲೆ ಬೈದಳು. ನನಗಾದ ಸಮಾಧಾನ ಹೇಳತೀರದು.

ವರ್ಷಗಳು ಕಳೆದವು. ಭಾವ ಈಗಲೂ ಕಂಪನಿಯ ಚಹಾದ ರುಚಿ ನೋಡಿ ಹೆಸರಿಡುತ್ತಲೇ ಇದ್ದಾರೆ. ಮೊನ್ನೆ, ಮೇಡಂ ಹೊರರೋಗಿಗಳನ್ನು ನೋಡುವ ಕೊನೆಯ ದಿನ, ತಪಾಸಣೆ ಮುಗಿದ ಮೇಲೆ ಭಾವ ಕೇಳಿಯೇಬಿಟ್ಟರು: “ಹಾಗಾದ್ರೆ ಅದು ಎಲ್ಲಿಂದ ಬಂದಿತ್ತು ಮೇಡಂ?”

“ಗೊತ್ತಿಲ್ಲ,” ಎಂದರು ಮೇಡಂ. “ನೀವು ಬಂದಾಗಲೆಲ್ಲ ಹುಡುಕಿದೆ. ಸಿಗದೇ ಇರ್ಲಪ್ಪ ಅಂತ ಬೇಡ್ಕೊಂಡೇ ಹುಡುಕಿದೆ. ನೀವು ಬರೋ ಹಿಂದಿನ ರಾತ್ರಿ ನನಗೆ ನಿದ್ದೆನೇ ಬರ್ತಿರ್ಲಿಲ್ಲ.”

ಅಕ್ಕ ಮೇಡಂ ಅವರ ಎರಡೂ ಕೈ ಹಿಡಿದುಕೊಂಡಳು.

ಮೇಡಂ ಅವರಿಗೆ ದೀರ್ಘ ಆಯುಷ್ಯವೂ ಆರೋಗ್ಯವೂ ಕೂಡಿಬರಲಿ, ಕಿರಿಯರನ್ನು ಮುಖವಾಡದೊಳಗೆ ಬಿಗಿದು ಚಹಾ ಕುಡಿಯಲು ಹೋಗುವ ಚೈತನ್ಯ ಇನ್ನೂ ಬಹುಕಾಲ ಉಳಿದಿರಲಿ. ಮುಂದಿನ ತಪಾಸಣೆಯಿಂದ ಭಾವನ ಗಂಟಲು ನೋಡುವ ಸರದಿ ನನ್ನದು. ಮೇಡಂ, ಆ ರಾತ್ರಿ ಇನ್ನು ನಾನು ನಿದ್ದೆಗೆಡುತ್ತೇನೆ, ನೀವು ಮಲಗಿ.