ಕೈಮೇಲೆ ಸಾರು ಹುಯ್ಯೋ ಗೋಪಾಲಪ್ಪ

ಕೈಮೇಲೆ ಸಾರು ಹುಯ್ಯಿಸ್ಕೊಳ್ಳೋಕೆ ಜನ ಕ್ಯೂ ನಿಲ್ಲೋ ಹೋಟ್ಲು ಬ್ರೂಕ್‌ಫೀಲ್ಡಲ್ಲಿ ಒಂದಿದೆ ಅಂದ್ರೆ ನೀವು ನಂಬಲ್ಲ. ನನ್ನ ಹೆಂಡತೀನೇ ನನ್ನ ಮಾತು ನಂಬಲ್ಲ, ನಿಮ್ಮನ್ನೇನು ಹೇಳೋದು. ಆದ್ರೆ ಇದು ಮುಕ್ಕಾಲು ಪಾಲು ನಿಜ. ಮಿಕ್ಕಿದ್ದು ಒಗ್ಗರಣೆ.

ಹೋಟ್ಲು ನನ್ನ ಗೆಣೆಕಾರ ಗೋಪಾಲಪ್ಪಂದು. ಅವನ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಬಿಲ್ಡಿಂಗು ಬೆಳೆದಿದೆ. ಮೇಲೆಲ್ಲ ಬಾಡಿಗೆಯೋರು, ಕೆಳಗಡೆ ಒಂದು ದೊಡ್ಡ ಹಾಲ್. ಆ ಹಾಲ್‌ನ ಚಿರಂಜೀವಿ ಅನ್ನೋ ಹುಡುಗನ ಜಿಮ್ಮಿಗೆ ಕೊಡ್ಬೇಕು ಅಂತ ಗೋಪಾಲಪ್ಪನ ಹೆಂಡತಿ ಚಿಕ್ಕಮುನಿಯಮ್ಮ ತೀರ್ಮಾನ ಮಾಡಿದ್ಲು. ಇವನಿಗೋ ಬಡಿಸೋ ಹುಚ್ಚು. ಊರಲ್ಲಿ ಯಾರ ಮದುವೆ ಆಗ್ಲಿ, ಕರೀದಿದ್ರೂ ಹೋಗಿ ಸಾರಿನ ಬಕೀಟು ಹಿಡಿಯೋನು. ಒಂದ್ಸಲ ಮಾರತಹಳ್ಳೀಲಿ ಯಾವುದೋ ಛತ್ರಕ್ಕೆ ನುಗ್ಗಿ ಎರಡು ಪಂಕ್ತಿ ಬಡಿಸ್ಬಿಟ್ಟ. ಹೆಣ್ಣಿನ ಅಪ್ಪ ಬಂದು ತಾವು ಯಾರ ಕಡೆಯೋರು ಅಂತ ಕೇಳಿದ್ರೆ, ಸಾರಿನ ಕಡೆ ಅಂದನಂತೆ.

ಹೋಟ್ಲು ಮಾಡ್ತೀನಿ ಅಂತ ಹಟ ಹಿಡಿದಾಗ ಚಿಕ್ಕಮುನಿಯಮ್ಮ ಒಂದು ಗಡುವು ಕೊಟ್ಲು. ಯುಗಾದಿ ಮಾರನೇ ದಿನ, ಹೊಸತೊಡಕಿನ ಬಾಡೂಟಕ್ಕೆ ಒಂದೆಲೆಯೂ ಖಾಲಿ ಇಲ್ಲದಂಗೆ ಹಾಲ್ ತುಂಬಿರ್ಬೇಕು. ತುಂಬಿಲ್ಲ ಅಂದ್ರೆ ಬೀಗದ ಕೈ ಚಿರಂಜೀವಿಗೆ.

ಅವರ ಮೊಮ್ಮಗಳು ದಿವ್ಯಾ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದಾಳೆ. ಜನ ಈಗ ಬರೀ ಊಟಕ್ಕೆ ಬರಲ್ಲ ತಾತ, ಅನುಭವಕ್ಕೆ ಬರ್ತಾರೆ, ಕಣ್ಣು ಕಿವಿ ಮೂಗು ಎಲ್ಲಾ ತುಂಬಬೇಕು ಅಂದ್ಲು. ಗೋಪಾಲಪ್ಪ ತುಂಬಿದ. ಕಣ್ಣಿಗೆ ಅಂತ ಲಾಟೀನು ನೇತುಹಾಕಿದ, ಬಿಳೀ ಶರ್ಟಲ್ಲಿ ಬಂದೋರೆಲ್ಲ ಮಸಿ ಹತ್ತಿಸ್ಕೊಂಡು ಹೋದ್ರು. ಮೂಗಿಗೆ ಅಂತ ಬಾಗಿಲ ಹತ್ರ ಸಗಣಿ ಸಾರಿಸ್ದ, ಬಂದೋರು ಬಂದೋರು ತಮ್ಮ ಬೂಟಿನ ಅಡಿ ನೋಡ್ಕೊಂಡು ವಾಪಸ್ ಹೋದ್ರು. ಕಿವಿಗೆ ಅಂತ ಒಂದು ಹುಂಜ ತಂದು ಕಟ್ಟಿದ. ಅದು ಕೂಗಿದ್ರೆ ಹೊಸಕೋಟೆಯೋರು ಎದ್ದು ಹಲ್ಲುಜ್ಜೋರು. ದರಿದ್ರದ್ದು, ಸರಿಯಾಗಿ ಕೋಳಿಸಾರು ಬಡಿಸೋ ಹೊತ್ತಿಗೇ ಕೂಗೋದು. ತಿನ್ನೋರಿಗೆ ತಮ್ಮನ್ನೇ ಹೆಸರು ಹಿಡಿದು ಬಯ್ದಂಗೆ ಆಗೋದು. ಹುಂಜ ಉಳೀತು, ಗಿರಾಕಿ ಹೋದ್ರು.

ಯುಗಾದಿ ಹತ್ರ ಬಂತು. ಅವತ್ತೊಂದು ಸೋಮವಾರ. ಸೋಮವಾರ ಅಲ್ಲಿ ಮಾಂಸ ಮಾಡಲ್ಲ, ಮುದ್ದೆ ಬಸ್ಸಾರು ಅಷ್ಟೇ. ಇದ್ದಿದ್ದು ಒಬ್ಬನೇ ಗಿರಾಕಿ, ದಾವಣಗೆರೆ ಕಡೆಯ ಈರೇಶ್ ಅಂತ, ಪಕ್ಕದ ಟೆಕ್‌ಪಾರ್ಕಲ್ಲಿ ಇಂಜಿನಿಯರು. ನಾನು ಬಾಗಿಲ ಹತ್ರ ಸ್ಟೂಲ್ ಮೇಲೆ ಕೂತು ಗಿರಾಕಿ ಥರ ಕಾಣೋ ಕೆಲಸ ಮಾಡ್ತಿದ್ದೆ. ಒಂದು ಮುದ್ದೆ ಮುಗಿಸಿ ಈರೇಶ್ ಸಾಕು ಅಂದ. ಗೋಪಾಲಪ್ಪ ಬಕೀಟು ಹಿಡಿದು ಬಂದ. ಹುಡುಗ ಎಲೆ ಮೇಲೆ ಬಗ್ಗಿ ಎರಡೂ ಕೈ ಅಡ್ಡ ಇಟ್ಟ.

ನಮ್ಮ ಕಡೆ ಪಂಕ್ತೀಲಿ ಹಂಗೆ ಕೈ ಅಡ್ಡ ಇಟ್ರೆ ಕೈಮೇಲೇ ಹುಯ್ಯೋದು. ಬೀಗರಿಗಾದ್ರೆ ಮೊಣಕೈವರೆಗೂ. ಇದು ಹೋಟ್ಲು ಅನ್ನೋದೇ ಗೋಪಾಲಪ್ಪನಿಗೆ ಮರೆತೋಯ್ತು. ಸೌಟು ಬಗ್ಗಿಸ್ಬಿಟ್ಟ.

ಸಾರು ಹುಡುಗನ ವಾಚಿನೊಳಗೆ ಇಳೀತು. ನಾನು ಮೆಲ್ಲಗೆ ಸ್ಟೂಲನ್ನ ಬಾಗಿಲಾಚೆಗೆ ಎಳ್ಕೊಂಡೆ. ಹೊಡೆದಾಟ ಆದ್ರೆ ಸಾಕ್ಷಿ ಆದೋನು ಹೊರಗಿರ್ಬೇಕು. ಈರೇಶ್ ಕೈ ನೋಡ್ಕೊಂಡ, ಗೋಪಾಲಪ್ಪನ ಮುಖ ನೋಡ್ದ, ಆಮೇಲೆ ಮುಂಗೈ ನೆಕ್ಕಿದ.

"ಯಜಮಾನ್ರ, ಈ ಊರಿಗೆ ಬಂದಮ್ಯಾಲೆ ನನಗೆ ಯಾರೂ ಬಲವಂತ ಮಾಡಿ ಬಡಿಸಿಲ್ಲ ನೋಡ್ರಿ. ಅರ್ಧ ಮುದ್ದಿ ಹಾಕ್ರಿ."

ಮಾರನೇ ದಿನ ತನ್ನ ಟೀಮನ್ನೇ ಕರ್ಕೊಂಡು ಬಂದ. ಕೂತೋರು ಊಟಕ್ಕೆ ಮುಂಚೇನೇ ಕೈ ಅಡ್ಡ ಇಟ್ರು. ಒಬ್ಬರ ಕೈಮೇಲೆ ಹುಯ್ಯೋದನ್ನ ಇನ್ನೊಬ್ಬರು ವಿಡಿಯೋ ಮಾಡಿದ್ರು. ದಿವ್ಯಾ ಕೈಮೇಲೆ ಹುಯ್ಯೋಕೆ ಅಂತಾನೇ ಉಗುರುಬೆಚ್ಚಗಿನ ಸಾರಿನ ಬೇರೆ ಪಾತ್ರೆ ಇಟ್ಲು. ಲಾಟೀನು ಅಟ್ಟ ಸೇರ್ತು. ಹುಂಜದ ಗತಿ ನಾನು ಹೇಳಲ್ಲ.

ಹೊಸತೊಡಕು ಬಂತು. ಮಟನ್ ಸಾರಿನ ಘಮ ಮೇಲಿನ ಮಹಡಿಯೋರನ್ನ ಮೆಟ್ಟಿಲು ಇಳಿಸ್ತು. ಚಿಕ್ಕಮುನಿಯಮ್ಮ ರೇಷ್ಮೆ ಸೀರೆ ಉಟ್ಕೊಂಡು, ಅಳತೆ ಟೇಪು ಹಿಡಿದ ಚಿರಂಜೀವೀನ ಹಿಂದೆ ಹಾಕ್ಕೊಂಡು ಬಂದ್ಲು. ಹಾಲ್ ಗಿಜಿಗಿಜಿ ಅಂತಿತ್ತು. ಅವಳ ಕಣ್ಣು ಮಾತ್ರ ನೆಟ್ಟಗೆ ಮೂಲೆಗೆ ಹೋಯ್ತು.

"ಅಲ್ಲಿ ಎರಡು ಎಲೆ ಖಾಲಿ ಅವೆ. ತುಂಬಿಲ್ಲ," ಅಂದ್ಲು.

ಗೋಪಾಲಪ್ಪನ ಮುಖ ಆರಿದ ಮುದ್ದೆ ಆಯ್ತು. ನಾನು ಬಾಯಿ ಹಾಕ್ದೆ. ಹೊಸತೊಡಕಿನ ದಿನ ಬಾಗಿಲಿಗೆ ಬಂದೋರನ್ನ ಹಸಿದ ಹೊಟ್ಟೇಲಿ ಕಳಿಸ್ತಾರೇನಮ್ಮ, ಕೂತ್ಕೊಂಡು ಮಾತಾಡಿ ಅಂದೆ. ಅದಕ್ಕೆ ಅವಳೂ ಇಲ್ಲ ಅನ್ನೋ ಹಂಗಿಲ್ಲ. ಕೂತ್ಲು. ಚಿರಂಜೀವೀನೂ ಕೂತ. ಕೂತ್ಮೇಲೆ ಅವಳಿಗೆ ಹೊಳೀತು, ಖಾಲಿ ಎಲೆ ಎರಡೂ ಮುಗಿದ್ವು ಅಂತ. ನನ್ನ ಕಡೆ ನೋಡಿದ ನೋಟಕ್ಕೆ ನನ್ನ ಮೀಸೆ ಅರ್ಧ ಸುಟ್ಟೋಯ್ತು. ಅದಕ್ಕೇ ಈ ಕಡೆ ತೆಳ್ಳಗಿರೋದು.

ಮುದ್ದೆ ಮುಗೀತು. ಗೋಪಾಲಪ್ಪ ಬಕೀಟು ತಂದ. ಚಿಕ್ಕಮುನಿಯಮ್ಮ ಅವನನ್ನೇ ನೋಡ್ತಾ, ಬೇಕೂಂತಲೇ, ಬಳೆ ತುಂಬಿದ ಎರಡೂ ಕೈ ಎಲೆಗೆ ಅಡ್ಡ ಇಟ್ಲು. ಇಡೀ ಹಾಲ್ ಬಾಯಲ್ಲಿದ್ದ ಮೂಳೆ ಕಡಿಯೋದು ನಿಲ್ಲಿಸ್ತು. ಅವನು ಸೌಟು ತುಂಬ ಎತ್ತಿ, ಹುಯ್ದೇ ಬಿಟ್ಟ.

ಅವಳು ಬಳೆ ಕೊಡವಿ, ಬೆರಳು ನೆಕ್ಕಿ, ಪಕ್ಕಕ್ಕೆ ತಿರುಗಿದ್ಲು.

"ಚಿರಂಜೀವಿ, ನಿನ್ ಮಿಷನ್ನುಗಳ್ನ ಮೇಲೆ ತಾರಸೀಗೆ ಆಕ್ಕೋ. ಇಂಗೆ ತಿಂದೋರು ಇನ್ನೆಲ್ಲಿಗೋಯ್ತಾರೆ, ನಿನ್ತಾವ್ಕೇ ಬರ್ಬೇಕು."

ಆಮೇಲೆ ಮತ್ತೆ ಕೈ ಎಲೆಗೆ ಅಡ್ಡ ಇಟ್ಟು ಗಂಡನಿಗೆ ಹೇಳಿದ್ಲು, "ಉಪ್ಪು ಗೊತ್ತಾಗ್ಲಿಲ್ಲ. ಇನ್ನೊಂದ್ ಸೌಟು ಉಯ್ಯಿ."