ಸಂಡಿಗೆ ತಾರಸಿಯಲ್ಲಿ ನೆರಳು ಹೋದ ದಿನ

ಇಂಗು, ಜೀರಿಗೆ, ಹಸಿಮೆಣಸಿನಕಾಯಿ ಹಾಕಿ ಕಾಯಿಸಿದ ಸಂಡಿಗೆ ಹಿಟ್ಟಿನ ವಾಸನೆ ಯಾರ ಮನೆಯಿಂದ ತೇಲಿ ಬಂದರೂ ನನಗೆ ಅಡುಗೆಮನೆ ನೆನಪಾಗುವುದಿಲ್ಲ, ಸೂರ್ಯ ನೆನಪಾಗುತ್ತಾನೆ. ರಾಜಾಜಿನಗರದ ನಮ್ಮ ಹಳೆಯ ಮನೆಯ ತಾರಸಿಯಲ್ಲಿ ಏಪ್ರಿಲ್ ಬಂತೆಂದರೆ ತಾತನ ಹಳೆಯ ಪಂಚೆ ಹಾಸಿ ಅಜ್ಜಿ ಸಾಲುಸಾಲಾಗಿ ಸಂಡಿಗೆ ಇಡುತ್ತಿದ್ದಳು; ಪಕ್ಕದಲ್ಲಿ ಕೋಲು ಹಿಡಿದು ಕಾಗೆ ಓಡಿಸಲು ನಾನು. ನಿಮ್ಮ ಮನೆಯಲ್ಲೂ ಈ ಕೆಲಸವನ್ನು ಹೆಣ್ಣುಮಕ್ಕಳ ತಲೆಗೇ ಕಟ್ಟುತ್ತಿದ್ದರು, ಅಲ್ಲವೇ?

ಎಂಟನೇ ಕ್ಲಾಸಿನ ರಜೆಯಲ್ಲಿ ನಮ್ಮ ವಿಜ್ಞಾನದ ಮಿಸ್ ಹುಡುಗಿಯರಿಗಾಗಿ ಆಕಾಶ ನೋಡುವ ಕ್ಲಬ್ ಶುರುಮಾಡಿದ್ದರು. ವರ್ಷದಲ್ಲಿ ಎರಡು ದಿನ, ನಡುಮಧ್ಯಾಹ್ನ, ಸೂರ್ಯ ಬೆಂಗಳೂರಿನ ನೆತ್ತಿಗೆ ಸರಿಯಾಗಿ ಬಂದು, ನೆಟ್ಟಗೆ ನಿಲ್ಲಿಸಿದ ವಸ್ತುವಿನ ನೆರಳೇ ಇಲ್ಲವಾಗುತ್ತದೆ ಎಂದರು. ನಾನು ನಂಬಲಿಲ್ಲ, ಕಣ್ಣಾರೆ ನೋಡಲೇಬೇಕಿತ್ತು. ಏಪ್ರಿಲ್ ಕೊನೆಗೆ ಬರುವ ಆ ದಿನ ಎಲ್ಲರೂ ಶಾಲೆಯ ಮೈದಾನಕ್ಕೆ ಹೋಗಬೇಕು. ಅಜ್ಜಿ ಸುತಾರಾಂ ಒಪ್ಪಲಿಲ್ಲ. "ತಮ್ಮ ನೆರಳು ತಮಗೇ ಕಾಣ್ದೇ ಇರೋರು ಹೆಚ್ಚು ದಿನ ಬದ್ಕಲ್ಲ ಕಣೇ. ಅದನ್ನ ನೋಡಕ್ಕೆ ಬಿಸ್ಲಲ್ಲಿ ಹೋಗ್ತಾರಾ? ಸಂಡಿಗೆ ಕಾಯ್ಕೊಂಡಿರು, ಸಾಕು." ಅತ್ತು ಕರೆದರೂ ಜಗ್ಗಲಿಲ್ಲ. ಕೊನೆಗೆ ಮಿಸ್ಸಿಗೆ ಫೋನ್ ಮಾಡಿ, "ನಾನು ಬರಕ್ಕಾಗಲ್ಲ ಮಿಸ್, ನೀವೇ ನಮ್ಮ ಟೆರೇಸ್‌ಗೆ ಬರ್ತೀರಾ?" ಎಂದೆ.

ಬಂದೇಬಿಟ್ಟರು, ಕ್ಲಬ್ಬಿನ ಹುಡುಗಿಯರನ್ನೆಲ್ಲ ಕಟ್ಟಿಕೊಂಡು. ಅಜ್ಜಿಯ ಹಿಟ್ಟಿನ ಸ್ಟೀಲ್ ಡಬ್ಬವನ್ನು ನಡುವೆ ನಿಲ್ಲಿಸಿ, ನೆರಳಿನ ತುದಿಗೆ ಸೀಮೆಸುಣ್ಣದ ಗೆರೆ ಹಾಕುತ್ತಾ ಕೂತೆವು. ಗೆರೆ ಡಬ್ಬದತ್ತ ಸರಿಯುತ್ತಾ ಸರಿಯುತ್ತಾ ಕೊನೆಗೆ ಹಾಕಲು ಜಾಗವೇ ಉಳಿಯಲಿಲ್ಲ. ನಮ್ಮ ಕೂಗಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೇಲೆ ಬಂದ ಅಜ್ಜಿ, ನನ್ನ ಕೈ ಹಿಡಿದು ಎಳೆದವಳು, ಡಬ್ಬ ನೋಡಿ ಅಲ್ಲೇ ನಿಂತಳು. ತನ್ನ ಕಾಲ ಬುಡ ನೋಡಿಕೊಂಡಳು.

"ಎಲ್ಲಾರ್ದೂ ಹೋಯ್ತಾ?"

"ಎಲ್ಲಾರ್ದೂ ಅಜ್ಜಿ. ಇಡೀ ಬೆಂಗ್ಳೂರಿಂದು."

"ಹಂಗಾದ್ರೆ ಸರಿ ಬಿಡು," ಎಂದು ನಮ್ಮ ಜೊತೆ ಕೂತಳು, ನೆರಳು ಡಬ್ಬದ ಇನ್ನೊಂದು ಬದಿಯಿಂದ ಇಣುಕುವವರೆಗೂ. ಅಷ್ಟರಲ್ಲಿ ಕಾಗೆಗಳು ಅರ್ಧ ಸಂಡಿಗೆ ಮುಗಿಸಿದ್ದವು. ಅಜ್ಜಿ ಬೈಯಲಿಲ್ಲ. ಮುಂದಿನ ಏಪ್ರಿಲ್‌ನಲ್ಲಿ ಪಂಚೆಯನ್ನು ಮೂಲೆಗೆ ಸರಿಸಿ, ಬೀದಿಯ ಹುಡುಗಿಯರನ್ನು ತಾನೇ ಕರೆದಳು: "ಬನ್ರೇ, ನಮ್ಮ ಹುಡುಗಿ ನೆರಳು ಮಾಯ ಮಾಡ್ತಾಳೆ." ಅಂದು ನನಗಾದ ಹೆಮ್ಮೆ ಆಮೇಲೆ ಯಾವ ಪದವಿಯಿಂದಲೂ ಆಗಲಿಲ್ಲ. ವರ್ಷವರ್ಷವೂ ನೆರಳು ಕಳೆದುಕೊಂಡೇ ಅಜ್ಜಿ ಬಹಳ ಕಾಲ ಬದುಕಿದಳು.

ಈಗ ಅಜ್ಜಿಯಿಲ್ಲ. ಮನೆಯಿದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಶ್ರೀಗಂಧದ ಕಾವಲಿನ ಶಾಲೆಯೊಂದರಲ್ಲಿ ನಾನೇ ಈಗ ವಿಜ್ಞಾನದ ಮಿಸ್. ಕಳೆದ ಏಪ್ರಿಲ್‌ನಲ್ಲಿ ಶಾಲೆಯ ತಾರಸಿ ತುಂಬ ಹುಡುಗಿಯರು, ನಡುವೆ ಅದೇ ಸ್ಟೀಲ್ ಡಬ್ಬ. ಗೆರೆ ಹಾಕಲು ಜಾಗ ಉಳಿಯದಾಗ ಅವರು ಹಾಕಿದ ಕೂಗು ಮಾಗಡಿ ರಸ್ತೆಗೂ ಕೇಳಿರಬೇಕು. ಮೂಲೆಯಲ್ಲಿ ನಾನು ಒಂದು ತಟ್ಟೆ ಸಂಡಿಗೆ ಒಣಗಲಿಟ್ಟಿದ್ದೆ.

"ಮಿಸ್, ಕಾಗೆ ಬಂತು," ಎಂದು ಒಬ್ಬಳು ಓಡಿಸಲು ಎದ್ದಳು.

"ತಿನ್ಲಿ ಬಿಡಮ್ಮ," ಎಂದೆ.