ಬೆಳಕು ಸೋರದ ಗೋಡೆ

“ಬಾಗಿಲು ಹಾಕ್ಕೊಂಡು ಸುಮ್ನೆ ನಿಂತ್ಕೊಳ್ಳಿ. ಕಣ್ಣು ಕತ್ತಲೆಗೆ ಪಳಗ್ಬೇಕು,” ಎನ್ನುತ್ತಾರೆ ಮೆತ್ತಕ್ಕ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನೊಳಗೆ ಅವರು, ಅವರ ಕೆಲಸ ನೋಡಲು ಬಂದ ನಾನು, ಇಬ್ಬರೇ ಇದ್ದೇವೆ. ಮೂರಾಳೆತ್ತರದ ಮಣ್ಣಿನ ಗೋಡೆಗಳು, ಕಿಟಕಿ ಎಂಬುದೇ ಇಲ್ಲ. ಹೊರಗೆ ಗುಡ್ಡದ ಮೇಲೆ ಸೂರ್ಯ ಬರುತ್ತಿದ್ದಂತೆ ಪೂರ್ವದ ಗೋಡೆಯಲ್ಲಿ ಕೂದಲೆಳೆಯಷ್ಟು ಬೆಳಕು ಮೂಡುತ್ತದೆ, ಅದರ ಕೆಳಗೆ ಸಾಸಿವೆಯಷ್ಟು ಇನ್ನೊಂದು. ನನಗೆ ಕಂಡದ್ದು ಎರಡು ಬಿರುಕು, ಅವರಿಗೆ ಒಂಬತ್ತು. ಬೆರಳನ್ನು ಸುಣ್ಣದಲ್ಲಿ ಅದ್ದಿ ಒಂದೊಂದಕ್ಕೂ ಗುರುತು ಹಾಕುತ್ತಾ ಏಣಿ ಹತ್ತುತ್ತಾರೆ. ಐವತ್ತೆಂಟರ ಹೆಂಗಸು ಹತ್ತುವ ರೀತಿ ನೋಡಿ ನಾನು ಕೆಳಗೆ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತೇನೆ.

ಬಿರುಕಿನಲ್ಲಿ ಕಾವು ಸೋರಿದರೆ ಅಲ್ಲಿ ತೂಗಿದ ಸೊಪ್ಪು ಹೊಂಬಣ್ಣಕ್ಕೆ ತಿರುಗುವುದಿಲ್ಲ. ಅದಕ್ಕೇ ಪ್ರತಿ ವರ್ಷ ಸೊಪ್ಪು ಕೊಯ್ಯುವ ಮುಂಚೆ ಗೋಡೆ ಮೆತ್ತಬೇಕು; ಮೆತ್ತಕ್ಕ ಎಂಬ ಹೆಸರು ಬಂದದ್ದೂ ಅದರಿಂದಲೇ. ಬಿರುಕು ಹುಡುಕಲು ಪೂರ್ವದ ಗೋಡೆಗೆ ಮುಂಜಾನೆಯ ಬಿಸಿಲು ಬೇಕು, ಪಶ್ಚಿಮದ್ದಕ್ಕೆ ಸಂಜೆಯದು. ಒಂದು ಬ್ಯಾರನ್ನಿಗೆ ಎರಡು ದಿನ, ಎಂಟು ಬಕೆಟ್ ಮಣ್ಣು, ಅದಕ್ಕೆ ಬೇಕಾದಷ್ಟು ಸಗಣಿ, ಹೊಟ್ಟು. ಹದಿನಾರನೇ ವಯಸ್ಸಿಗೆ ಅವ್ವನ ಹಿಂದೆ ಬಕೆಟ್ ಹಿಡಿದವರು ಇನ್ನೂ ಕೆಳಗಿಟ್ಟಿಲ್ಲ. “ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರಲ್ಲ, ನನ್ನ ಕೈ ಕೆಸರಾಗಿ ನಲವತ್ತೆರಡು ವರ್ಷ ಆಯ್ತು. ಮೊಸರಿಗೆ ಇನ್ನೂ ಹೆಪ್ಪು ಹಾಕ್ತಾ ಇದ್ದಾರೆ,” ಎಂದು ನಗುತ್ತಾರೆ.

ಒಮ್ಮೆ ಮಾತ್ರ ಎಡವಿದ್ದರಂತೆ. ಮೋಡ ಮುಸುಕಿದ ಬೆಳಗ್ಗೆ ಆತುರದಿಂದ ಒಳಗೆ ನಿಂತರು. ಒಂದು ಗೆರೆಯೂ ಕಾಣಲಿಲ್ಲ, ಗೋಡೆ ಗಟ್ಟಿಯಾಗಿದೆ ಎಂದುಬಿಟ್ಟರು. ಆ ಸಲ ಒಂದು ಮೂಲೆಯ ಸೊಪ್ಪೆಲ್ಲ ಹಸಿರುಹಸಿರಾಗಿ ಇಳಿಯಿತು. “ಅವ್ವ ಬೈಲಿಲ್ಲ. ಆ ಸೊಪ್ಪಲ್ಲಿ ಒಂದನ್ನ ತಂದು ನನ್ನ ತಲೆದಿಂಬಿನ ಪಕ್ಕ ಇಟ್ರು. ಅವತ್ತಿಂದ ಮೋಡ ಇದ್ರೆ ನಾನು ಗೋಡೆ ನೋಡೋಕೆ ಹೋಗಲ್ಲ.”

ಆಗ ಈ ಗುಡ್ಡದಲ್ಲಿ ನಲವತ್ತಮೂರು ಬ್ಯಾರನ್ನುಗಳಿದ್ದವು. ಬೇಯುವ ಸೊಪ್ಪಿನ ಸಿಹಿ ವಾಸನೆ ಬೀದಿಯ ತುಂಬ. ಚಳಿಗೆ ಮಕ್ಕಳು ಬೆಚ್ಚನೆಯ ಗೋಡೆಗೆ ಬೆನ್ನು ಕೊಟ್ಟು ಪಾಠ ಓದುತ್ತಿದ್ದರು. ಈ ವರ್ಷ ಉಳಿದಿರುವುದು ಐದು. ತಂಪು ಗಾಳಿಯನ್ನೂ ಕಣಿವೆಯ ನೋಟವನ್ನೂ ನಂಬಿ ಜಮೀನಿನ ಮೇಲೆ ಹಣ ಹೂಡುವವರು ಬಂದಿದ್ದಾರೆ. ಬ್ಯಾರನ್ನುಗಳಿಗೆ ದೊಡ್ಡ ದೊಡ್ಡ ಕಿಟಕಿ ಕೊರೆಸಿ ಅತಿಥಿಗಳ ಕೋಣೆ ಮಾಡುತ್ತಾರೆ. ಮೆತ್ತಕ್ಕನ ಬಾಯಲ್ಲಿ ಅವರೆಲ್ಲ ‘ಕಿಟಕಿ ಸಾಹೇಬ್ರು’.

ನಾವು ನಿಂತಿರುವ ಬ್ಯಾರನ್ನು ಅವರ ಅಪ್ಪ ಕಟ್ಟಿದ್ದು. ಅಣ್ಣ ತಂಗಿ ಇಬ್ಬರ ಹೆಸರಿನಲ್ಲಿದೆ, ಇಬ್ಬರೂ ಒಪ್ಪದೆ ಮಾರುವಂತಿಲ್ಲ. ಹೊರಗೆ ಕಲ್ಲಿನ ಮೇಲೆ ಕೂತು ಹೊಟ್ಟು ಜರಡಿ ಹಿಡಿಯುತ್ತಿರುವ ಅಣ್ಣ ದೂರುತ್ತಾರೆ: “ಎರಡು ವರ್ಷ ಸಹಿ ಹಾಕದೆ ಸತಾಯಿಸಿದ್ಲು. ಗೋಡೆಗಿಂತ ಗಟ್ಟಿ ಇವಳು.”

ಕಳೆದ ಸಲ ಸೊಪ್ಪು ತೂಗುಹಾಕುವಾಗ ಆ ಅಣ್ಣನೇ ಮೇಲಿನ ಗಳದಿಂದ ಜಾರಿ ಬಿದ್ದರು. ಸೊಂಟ ಇನ್ನೂ ನೆಟ್ಟಗಾಗಿಲ್ಲ. ಆದರೂ ಈ ವರ್ಷ ಮತ್ತೆ ತಾನೇ ಏಣಿ ಹತ್ತುತ್ತೇನೆ ಎಂದರಂತೆ. “ಗೋಡೆ ಉಳಿಸ್ಕೊಂಡು ಅಣ್ಣನ್ನ ಕಳ್ಕೊಳ್ಳೋಕಾಗುತ್ತಾ?” ಎನ್ನುತ್ತಾರೆ ಮೆತ್ತಕ್ಕ, ಅಣ್ಣನಿಗೆ ಕೇಳಿಸದಂತೆ. ಅದಕ್ಕೇ ಮಾರಾಟಕ್ಕೆ ಸಹಿ ಹಾಕಿದರು. ಈ ಒಂದು ಬೆಳೆ ಆಳುಗಳ ಕೈಲಿ ತೂಗುಹಾಕಿಸಿ ಇಲ್ಲೇ ಬೇಯಿಸಬೇಕು, ಆಮೇಲೆಯೇ ಬೀಗದ ಕೈ ಕೊಡುವುದು ಎಂಬುದೊಂದೇ ಅವರ ಷರತ್ತು.

ಹೀಗಾಗಿ ಇದು ಕೊನೆಯ ಮೆತ್ತುವಿಕೆ. ಇನ್ನು ಎರಡು ತಿಂಗಳಿಗೆ ಕಿಟಕಿ ಬೀಳುವ ಗೋಡೆಯನ್ನು ಅವರು ನೂರು ವರ್ಷ ಬಾಳಲಿ ಎಂಬಂತೆ ಅಂಗೈಯಲ್ಲಿ ಸವರುತ್ತಾರೆ. ಒಂಬತ್ತನೆಯ ಬಿರುಕೂ ಮುಚ್ಚಿತು. ನನ್ನ ಕೈ ನನಗೇ ಕಾಣುತ್ತಿಲ್ಲ.

ಬೇಜಾರಿಲ್ಲವೇ ಎಂದು ಕತ್ತಲೆಯನ್ನೇ ಕೇಳುತ್ತೇನೆ. ಉತ್ತರ ಏಣಿಯ ಮೇಲಿನಿಂದ ಬರುತ್ತದೆ.

“ಇದೆ, ಇಲ್ದೆ ಏನು. ಕಿಟಕಿ ಕೊರೆಸ್ಲಿ, ಇನ್ನು ಅವರದೇ ಅಲ್ವಾ. ಕೊರೆಯೋ ಮುಂಚೆ ಸಾಹೇಬ್ರು ಒಂದು ಬೆಳಗ್ಗೆ ಬಂದು, ಬಾಗಿಲು ಹಾಕ್ಕೊಂಡು ಇಲ್ಲಿ ನಿಂತ್ಕೊಂಡ್ರೆ ಸಾಕು. ಅವರಿಗೆ ಏನೂ ಕಾಣ್ಲಿಲ್ಲ ಅಂದ್ರೆ, ನನ್ನ ಕೆಲಸ ಕಂಡ ಹಾಗೆ.”